ತಾಲ್ಲೂಕಿನ ಬರ, ಹೊಲದ ಬರ

2023ರ ಮುಂಗಾರಿನಲ್ಲಿ ಕರ್ನಾಟಕದ ಮಳೆ ಲೆಕ್ಕ ಹೀಗಿತ್ತು: ಜೂನ್‌ನಲ್ಲಿ ವಾಡಿಕೆಗಿಂತ ಶೇ. 56ರಷ್ಟು ಕಡಿಮೆ, ಜುಲೈನಲ್ಲಿ ಶೇ. 29ರಷ್ಟು ಹೆಚ್ಚು, ಆಗಸ್ಟ್‌ನಲ್ಲಿ ಶೇ. 73ರಷ್ಟು ಕಡಿಮೆ. ಜುಲೈ ಕೊನೆಯ ದಿನ ಯಾರಾದರೂ ಎರಡು ತಿಂಗಳನ್ನು ಕೂಡಿ ನೋಡಿದ್ದರೆ ರಾಜ್ಯದ ಮಳೆ ‘ವಾಡಿಕೆ’ಯ ಗೆರೆಯೊಳಗೇ ಕಾಣುತ್ತಿತ್ತು, ಏಕೆಂದರೆ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಶೇ. 19ರವರೆಗಿನ ಏರುಪೇರು ವಾಡಿಕೆಯೇ. ಹೊಲದಲ್ಲಿ ನಡೆದದ್ದು ಬೇರೆ. ಜೂನ್ ಪೂರ್ತಿ ಮುಗಿಲು ನೋಡುತ್ತ ಕುಳಿತ ರೈತರು ಜುಲೈನ ಹದಕ್ಕೆ ಬಿತ್ತಿದರು. ಬಿತ್ತಿದ್ದು ಹುಟ್ಟಿತು, ಹಸಿರಾಯಿತು, ಹೂವಿಗೆ ಬರುವ ಹೊತ್ತಿಗೆ ಆಶ್ಲೇಷ, ಮಘಾ ಎರಡೂ ಮಳೆಗಳು ಕೈಕೊಟ್ಟವು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆ ಹುಟ್ಟಿದ್ದು ಈ ಹಂತದ ಬೆಳೆಯನ್ನು ಹತ್ತಿರದಿಂದ ಕಂಡವರ ಬಾಯಲ್ಲಿ.

ಸೆಪ್ಟೆಂಬರ್ 13ರಂದು ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 195ನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು; ಅವುಗಳಲ್ಲಿ 196 ತೀವ್ರ ಬರದ ತಾಲ್ಲೂಕುಗಳು. ಪಟ್ಟಿಯ ಹೊರಗೆ ಉಳಿದವು ಹದಿಮೂರೇ. ಬಹುತೇಕ ಎಲ್ಲರ ಹೆಸರೂ ಇರುವ ಪಟ್ಟಿ ದೆಹಲಿಯ ಮುಂದೆ ಪರಿಹಾರ ಕೇಳಲು ಬೇಕಾದ ದಾಖಲೆಯಾಗಬಲ್ಲದೇ ಹೊರತು, ಮೊಳಕಾಲ್ಮೂರಿನ ಒಣ ಬೇಸಾಯಗಾರನ ಕಷ್ಟಕ್ಕೂ ಮಂಡ್ಯದ ನಾಲೆ ನೀರಿನ ಬೇಸಾಯಗಾರನ ಕಷ್ಟಕ್ಕೂ ಇರುವ ಅಂತರವನ್ನು ಅದು ಹೇಳುವುದಿಲ್ಲ.

ಬರ ಬಂದಿದೆಯೇ ಎಂಬುದು ಒಂದು ಪ್ರಶ್ನೆ. ಬಂದರೆ ಎಲ್ಲಿ, ಯಾರಿಗೆ, ಎಷ್ಟು ಪೆಟ್ಟು ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರಿಸಲು ನಮ್ಮಲ್ಲಿ ಕೈಪಿಡಿ, ಉಪಗ್ರಹ, ಮಳೆಮಾಪಕ, ಸಂಪುಟ ಉಪಸಮಿತಿ ಎಲ್ಲವೂ ಇವೆ. ಎರಡನೆಯದು, ಅಂದರೆ ಬರದ ಅಪಾಯವನ್ನು ಬಿತ್ತನೆಗೆ ಮುಂಚೆಯೇ ಊರ ಮಟ್ಟದಲ್ಲಿ ಅಂದಾಜು ಮಾಡುವ ಕೆಲಸ, ಮೊದಲನೆಯದರ ನೆರಳಿನಲ್ಲಿ ಉಳಿದುಬಿಟ್ಟಿದೆ. ಪರಿಹಾರಕ್ಕೆ ಯಾರು ಅರ್ಹರು ಎಂದು ತೀರ್ಮಾನಿಸಲು ಮಾಡಿಕೊಂಡ ಅಳತೆಗೋಲನ್ನೇ ನಾವು ಅಪಾಯದ ಅಳತೆಗೋಲು ಎಂದು ತಿಳಿದುಕೊಂಡಿದ್ದೇವೆ, ಮತ್ತು ಈಗಿನ ಗೊಂದಲಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತಿವೆ ಎಂಬುದು ನನ್ನ ವಾದ.

ಘೋಷಣೆಯ ವಿಧಾನವನ್ನು ಮೊದಲು ನೋಡೋಣ. ಕೇಂದ್ರ ಕೃಷಿ ಸಚಿವಾಲಯದ ಬರ ನಿರ್ವಹಣಾ ಕೈಪಿಡಿ 2009ರಲ್ಲಿ ಬಂದು 2016ರ ಡಿಸೆಂಬರ್‌ನಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಮೊದಲ ಮೆಟ್ಟಿಲು ಮಳೆ: ವಾಡಿಕೆಗಿಂತ ಎಷ್ಟು ಕೊರತೆಯಾಗಿದೆ, ಮತ್ತು ಸತತ ಮೂರು ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ಶುಷ್ಕ ಅವಧಿ ಬಂದಿದೆಯೇ ಎಂಬುದು. ಅದನ್ನು ದಾಟಿದರೆ ಎರಡನೆಯ ಮೆಟ್ಟಿಲು ಪರಿಣಾಮದ್ದು: ಬಿತ್ತನೆಯಾದ ಕ್ಷೇತ್ರ, ಉಪಗ್ರಹ ಕಾಣುವ ಹಸಿರಿನ ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲದ ಸ್ಥಿತಿ. ಇವೂ ಕೆಟ್ಟಿದ್ದರೆ ತಾಲ್ಲೂಕಿನ ಶೇ. 10ರಷ್ಟು ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡು ಹೊಲಕ್ಕೆ ಇಳಿದು ನೋಡಬೇಕು. ಬೆಳೆ ಹಾನಿ ಶೇ. 33ರಿಂದ 50ರ ನಡುವೆ ಇದ್ದರೆ ಮಧ್ಯಮ ಬರ, ಅದನ್ನು ಮೀರಿದರೆ ತೀವ್ರ ಬರ. ಈ ಗೆರೆಯ ಮೇಲೆ ಇಷ್ಟು ಜಗ್ಗಾಟ ನಡೆಯುವುದಕ್ಕೆ ಕಾರಣವಿದೆ: ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಬಾಗಿಲು ತೆರೆಯುವುದು ತೀವ್ರ ಬರಕ್ಕೆ ಮಾತ್ರ. ಮುಂಗಾರು ಬೆಳೆಯ ಬರವನ್ನು ಅಕ್ಟೋಬರ್ 30ರೊಳಗೆ, ಹಿಂಗಾರಿನದನ್ನು ಮಾರ್ಚ್ 31ರೊಳಗೆ ಘೋಷಿಸಬೇಕೆಂಬ ಗಡುವೂ ಇದೆ.

ಶುಷ್ಕ ಅವಧಿಯ ಆ ವ್ಯಾಖ್ಯಾನ ಓದುವಾಗ ನನಗೆ ನೆನಪಾಗುವುದು ನಮ್ಮ ಮಳೆ ನಕ್ಷತ್ರಗಳ ಲೆಕ್ಕ. ಒಂದೊಂದು ನಕ್ಷತ್ರಕ್ಕೆ ಹದಿಮೂರು, ಹದಿನಾಲ್ಕು ದಿನ. ‘ಎರಡು ಮಳೆ ಹೋದವು’ ಎಂದು ಹಳ್ಳಿಯಲ್ಲಿ ಒಬ್ಬರು ಹೇಳಿದರೆ ಅದು ಹೆಚ್ಚು ಕಡಿಮೆ ನಾಲ್ಕು ವಾರದ ಮಾತು. ಕೈಪಿಡಿಯ ಗೆರೆಯೂ ಅಲ್ಲೇ ಬಂದು ನಿಲ್ಲುತ್ತದೆ. ಆದರೆ ಹಳ್ಳಿಯವರು ಯಾವ ಮಳೆ ಹೋಯಿತು ಎಂದೂ ಹೇಳುತ್ತಾರೆ. ಆರಿದ್ರಾ ಹೋದರೆ ಬಿತ್ತನೆ ಹಿಂದೆ ಬೀಳುತ್ತದೆ, ಮಘೆ ಹೋದರೆ ಕಾಳು ಕಟ್ಟುವುದಿಲ್ಲ, ಹಸ್ತ ಹೋದರೆ ಹಿಂಗಾರಿ ಜೋಳಕ್ಕೆ ನೆಲದಲ್ಲಿ ಹಸಿ ಇರುವುದಿಲ್ಲ. ಕೈಪಿಡಿಯ ಲೆಕ್ಕದಲ್ಲಿ ಮಾತ್ರ ಜೂನ್ ಕೊನೆಯ ನಾಲ್ಕು ವಾರಕ್ಕೂ ಆಗಸ್ಟ್ ನಡುವಿನ ನಾಲ್ಕು ವಾರಕ್ಕೂ ತೂಕ ಒಂದೇ.

ಅಳತೆಯ ಇನ್ನೊಂದು ತೊಡಕು ವಾರದ ಲೆಕ್ಕದಲ್ಲಿದೆ. ಒಂದು ಊರಿನ ವಾರದ ವಾಡಿಕೆ ಮಳೆ 20 ಮಿಲಿಮೀಟರ್ ಎಂದುಕೊಳ್ಳೋಣ. ಎರಡು ವಾರ ಹನಿ ಬಿದ್ದಿಲ್ಲ. ಮೂರನೆಯ ವಾರದ ಒಂದು ಸಂಜೆ ಕಾದ ನೆಲದ ಮೇಲೆ 11 ಮಿಲಿಮೀಟರ್ ಸುರಿಯುತ್ತದೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ಗುರುತೂ ಇರುವುದಿಲ್ಲ. ಬೇರಿಗೆ ಏನೂ ದಕ್ಕಲಿಲ್ಲ, ಆದರೆ ದಾಖಲೆಯಲ್ಲಿ ಶುಷ್ಕ ಅವಧಿ ಮುರಿಯಿತು, ಎಣಿಕೆ ಮತ್ತೆ ಒಂದರಿಂದ ಶುರುವಾಯಿತು.

ಮಳೆ ಅಳೆಯುವುದರಲ್ಲಿ ಕರ್ನಾಟಕ ದೇಶದ ಬೇರೆ ರಾಜ್ಯಗಳಿಗಿಂತ ಬಹಳ ಮುಂದಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆ ಗ್ರಾಮ ಪಂಚಾಯತಿಗೊಂದರಂತೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ನಿಲ್ಲಿಸಿದೆ. ಅಂಕಿಗಳು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಬರುತ್ತವೆ. ರೈತ ಫೋನ್ ಮಾಡಿ ನಾಳೆಯ ಮಳೆ ವಿಚಾರಿಸಬಹುದಾದ ‘ವರುಣ ಮಿತ್ರ’ ನಡೆಯುತ್ತಿರುವುದೂ ಈ ಜಾಲದ ಬಲದ ಮೇಲೆಯೇ. ಒಂದು ಪಂಚಾಯತಿಯ ಸರಾಸರಿ ವಿಸ್ತಾರ 30 ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅಷ್ಟು ನೆಲದ ಪರವಾಗಿ ಸಾಕ್ಷಿ ಹೇಳುವುದು ಊಟದ ತಟ್ಟೆಗಿಂತ ಕಿರಿದಾದ ಬಾಯಿಯ ಒಂದು ಮಾಪಕ. ಬದುವಿನ ಆಚೆ ಸುರಿದು ಈಚೆ ಸುರಿಯದ ಗುಡುಗು ಮಳೆಯ ನಾಡಿನಲ್ಲಿ ಇದೂ ಕಡಿಮೆಯೇ, ಆದರೂ ಜಗತ್ತಿನ ಅನೇಕ ಕೃಷಿ ದೇಶಗಳಿಗೆ ಇಷ್ಟೂ ಇಲ್ಲ.

ವಿಚಿತ್ರವೆಂದರೆ ಅಳತೆ ಪಂಚಾಯತಿಗೆ ಇಳಿದಿದ್ದರೂ ತೀರ್ಮಾನ ತಾಲ್ಲೂಕಿನಲ್ಲೇ ಉಳಿದಿದೆ. ತಾಲ್ಲೂಕಿನ ಸರಾಸರಿ ವಿಸ್ತಾರ ಸುಮಾರು 800 ಚದರ ಕಿಲೋಮೀಟರ್. ಇಪ್ಪತ್ತೈದು ಪಂಚಾಯತಿಗಳ ಮಾಪಕಗಳು ಇಪ್ಪತ್ತೈದು ಬಗೆಯ ಮಾತು ಹೇಳುತ್ತಿದ್ದರೆ ಅವನ್ನೆಲ್ಲ ಕೂಡಿ ಭಾಗಿಸಿ ಒಂದೇ ಸಂಖ್ಯೆ ಮಾಡಲಾಗುತ್ತದೆ. ತಾಲ್ಲೂಕು ಎಂಬುದು ಕಂದಾಯ ವಸೂಲಿಯ ಅನುಕೂಲಕ್ಕೆ ಎಳೆದ ಗಡಿ. ಮಳೆಗೂ ಮಣ್ಣಿಗೂ ಅದರ ಪರಿಚಯವಿಲ್ಲ. ಗಡಿಯ ಒಂದು ಬದಿಯ ಹಳ್ಳಿಗೆ ಪರಿಹಾರ ಸಿಕ್ಕು, ಕೂಗಳತೆಯ ಇನ್ನೊಂದು ಹಳ್ಳಿಗೆ ಸಿಗದಿದ್ದಾಗ ಎರಡೂ ಕಡೆಯ ರೈತರು ಕೇಳುವ ಪ್ರಶ್ನೆಗೆ ತಹಶೀಲ್ದಾರರ ಕಚೇರಿಯಲ್ಲಿ ಉತ್ತರವಿರುವುದಿಲ್ಲ.

ಇನ್ನು ಮಣ್ಣು. ಬರದ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಪಾವಗಡ, ಚಳ್ಳಕೆರೆ ಕಡೆಯ ತೆಳುವಾದ ಕೆಂಪು ಮರಳು ಮಿಶ್ರಿತ ಮಣ್ಣು, ಅಂದರೆ ಮಸಾರಿ, ಬೇರಿನ ಆಳದಲ್ಲಿ ಹಿಡಿದಿಟ್ಟುಕೊಳ್ಳುವ ನೀರು ಸುಮಾರು 60 ಮಿಲಿಮೀಟರ್‌ನಷ್ಟು. ಬೆಳೆ ದಿನಕ್ಕೆ 5 ಮಿಲಿಮೀಟರ್ ಕುಡಿಯುತ್ತದೆ ಎಂದರೆ ಹನ್ನೆರಡು ದಿನಕ್ಕೆ ಖಾಲಿ. ವಿಜಯಪುರದ ಆಳವಾದ ಕಪ್ಪು ಮಣ್ಣಿನ ಎರೆ ಭೂಮಿ ತುಂಬಿದಾಗ ಹಿಡಿಯುವ ನೀರು 200 ಮಿಲಿಮೀಟರ್ ಆಸುಪಾಸು. ಒಂದೂವರೆ ತಿಂಗಳು ಮಳೆಯ ಮುಖ ನೋಡದೆ ಅಲ್ಲಿ ಜೋಳ ನಿಲ್ಲುತ್ತದೆ. ಹಿಂಗಾರಿ ಬಿಳಿಜೋಳದ ಬೇಸಾಯ ನಿಂತಿರುವುದೇ ಈ ಗುಣದ ಮೇಲೆ: ಬಿತ್ತಿದ ಮೇಲೆ ಮಳೆ ಬಾರದಿದ್ದರೂ ನೆಲದೊಳಗಿನ ಹಸಿ, ಚಳಿಗಾಲದ ಇಬ್ಬನಿ ಸಾಕು. ಹೀಗಿರುವಾಗ ಇಪ್ಪತ್ತು ದಿನದ ಶುಷ್ಕ ಅವಧಿ ಎಂಬ ಒಂದೇ ಅಂಕಿ ಮಸಾರಿ ಹೊಲಕ್ಕೆ ಮರಣಶಾಸನ, ಎರೆ ಹೊಲಕ್ಕೆ ಎಡೆಕುಂಟೆ ಹೊಡೆಯಲು ಸಿಕ್ಕ ಬಿಡುವು. ಅದೇ ಎರೆ ನೆಲದಲ್ಲಿ ಸೆಪ್ಟೆಂಬರ್‌, ಅಕ್ಟೋಬರ್‌ ಮಳೆ ಕೈಕೊಟ್ಟು ಪಾತ್ರೆಯೇ ತುಂಬದಿದ್ದರೆ ಆ ನಷ್ಟ ಹಿಂಗಾರು ಪೂರ್ತಿ ಕಾಡುತ್ತದೆ. ಒಂದೇ ತಾಲ್ಲೂಕಿನೊಳಗೆ ಎರಡೂ ಬಗೆಯ ಮಣ್ಣು ಇರುವ ಕಡೆ ಸರಾಸರಿಗೆ ಯಾವ ಅರ್ಥವಿದೆ? ಕೈಪಿಡಿಯ ಸೂಚಕಗಳಲ್ಲಿ ಮಣ್ಣಿನ ತೇವಾಂಶ ಇದೆ ನಿಜ, ಆದರೆ ಅದೂ ಕೊನೆಗೆ ತಾಲ್ಲೂಕಿನ ಸಂಖ್ಯೆಯಾಗಿಯೇ ಬರುತ್ತದೆ.

ಶೇಕಡಾವಾರು ಕೊರತೆಯೂ ಇಂಥದ್ದೇ ಮೋಸದ ಅಳತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುತ್ತದೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡೂ ಕಡೆ ಶೇ. 20 ಕೊರತೆಯಾಯಿತು ಎಂದರೆ ಕಾಗದದ ಮೇಲೆ ಒಂದೇ, ಆದರೆ ಚಳ್ಳಕೆರೆಯ ಶೇಂಗಾ ಬೆಳೆಗೆ ಆ ಕೊನೆಯ 100 ಮಿಲಿಮೀಟರ್ ಬೆಳೆ ಮನೆಗೆ ಬರುತ್ತದೋ ಹೊಲದಲ್ಲೇ ಉಳಿಯುತ್ತದೋ ಎಂಬುದನ್ನು ತೀರ್ಮಾನಿಸುವ ಮಳೆ. 1993ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರೂಪುಗೊಂಡ ಪ್ರಮಾಣೀಕೃತ ಮಳೆ ಸೂಚ್ಯಂಕ ಈ ದೋಷವನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸುತ್ತದೆ. ಒಂದು ಸ್ಥಳದ ಈ ವರ್ಷದ ಮಳೆಯನ್ನು ಅದು ಅದೇ ಸ್ಥಳದ ಚರಿತ್ರೆಯೊಂದಿಗೆ ಹೋಲಿಸಿ, ಇಂಥ ಕೊರತೆ ಅಲ್ಲಿ ಎಷ್ಟು ಅಪರೂಪ ಎಂದು ಹೇಳುತ್ತದೆ. ಕೈಪಿಡಿಯಲ್ಲಿ ಅದಕ್ಕೂ ಅವಕಾಶವಿದೆ. ಆದರೆ ಅದಕ್ಕೆ ಕನಿಷ್ಠ 30 ವರ್ಷದ ಅಂಕಿ ಬೇಕು. ಪಂಚಾಯತಿ ಮಳೆಮಾಪಕಗಳಲ್ಲಿ ಬಹುಪಾಲು ನಿಂತದ್ದು 2010ರ ನಂತರ. ಅವುಗಳಿಗೆ ಇನ್ನೂ ತಮ್ಮೂರಿನ ‘ವಾಡಿಕೆ’ ಯಾವುದೆಂದು ತಿಳಿಯುವಷ್ಟು ವಯಸ್ಸಾಗಿಲ್ಲ, ಹಾಗಾಗಿ ತಾಲ್ಲೂಕಿನ ಅಥವಾ ಹೋಬಳಿಯ ಹಳೆಯ ಅಂಕಿಯನ್ನು ಎರವಲು ತರಬೇಕಾಗುತ್ತದೆ.

2023ರಲ್ಲಿ ‘ಹಸಿರು ಬರ’ ಎಂಬ ಮಾತು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅಕ್ಟೋಬರ್‌ನಲ್ಲಿ ಕೇಂದ್ರದ ಅಧ್ಯಯನ ತಂಡ ಬಂದಾಗ, ಹೊಲ ಹಸಿರಾಗಿ ಕಂಡರೂ ಫಸಲಿಲ್ಲ ಎಂದು ರಾಜ್ಯ ಸರ್ಕಾರ ಮನವರಿಕೆ ಮಾಡಿಕೊಡಬೇಕಾಯಿತು. ಇದನ್ನು ರಾಜಕೀಯದ ನೆಪ ಎಂದು ತಳ್ಳಿಹಾಕಿದವರಿದ್ದರು. ಅಂಥವರು ಒಂದು ಶೇಂಗಾ ಗಿಡವನ್ನು ಕಿತ್ತು ನೋಡಬೇಕಿತ್ತು. ಶೇಂಗಾದ ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಮುಖವಾಗಿ ಬೆಳೆದು ಮಣ್ಣಿಗೆ ಇಳಿಯಬೇಕು. ಅದರ ತುದಿಯೇ ಮುಂದೆ ಕಾಯಿ. ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟಿದ್ದರೆ ಸೂಜಿ ಒಳಗಿಳಿಯದೆ ಮೇಲೆಯೇ ಒಣಗುತ್ತದೆ. ಬೇರು ಆಳದಲ್ಲಿ ಅಷ್ಟಿಷ್ಟು ಹಸಿ ಹುಡುಕಿಕೊಂಡು ಗಿಡವನ್ನು ಬದುಕಿಸಿರುತ್ತದೆ, ಸೆಪ್ಟೆಂಬರ್‌ನ ಒಂದು ಮಳೆಗೆ ಎಲೆ ಮತ್ತೆ ನಳನಳಿಸುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಅದು ಒಳ್ಳೆಯ ಬೆಳೆ. ಕಿತ್ತರೆ ಇಪ್ಪತ್ತು ಕಾಯಿ ಇರಬೇಕಾದಲ್ಲಿ ಮೂರೋ ನಾಲ್ಕೋ, ಅವುಗಳಲ್ಲೂ ಅರ್ಧ ಜೊಳ್ಳು.

ಉಪಗ್ರಹವೂ ರಸ್ತೆಯಲ್ಲಿ ಹೋಗುವವರ ಹಾಗೆಯೇ, ಅದು ನೋಡುವುದು ಎಲೆಯನ್ನು. ಇಂಥ ಕೆಲಸಕ್ಕೆ ಬಹುಕಾಲ ಬಳಕೆಯಲ್ಲಿರುವ, ನಾಸಾ ಉಪಗ್ರಹಗಳ ಮೋಡಿಸ್ ಎಂಬ ಉಪಕರಣದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 250 ಮೀಟರ್ ಉದ್ದ, 250 ಮೀಟರ್ ಅಗಲ, ಅಂದರೆ 15 ಎಕರೆಗಿಂತ ಸ್ವಲ್ಪ ಹೆಚ್ಚು. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಹಾಗಾದರೆ ಒಂದು ಚುಕ್ಕೆಯೊಳಗೆ ನಾಲ್ಕೈದು ರೈತರ ಹೊಲ, ಅವರ ಬದು, ಒಂದಿಷ್ಟು ಬೀಳು, ಹಳ್ಳದ ದಂಡೆಯ ಬಳ್ಳಾರಿ ಜಾಲಿ. ಈ ಬಳ್ಳಾರಿ ಜಾಲಿಗೆ ಬರವೆಂಬುದೇ ಗೊತ್ತಿಲ್ಲ. ಜೋಳ ಒಣಗಿ ನಿಂತ ಹೊಲದ ಪಕ್ಕದಲ್ಲಿ ಅದು ಕಡು ಹಸಿರಾಗಿ ನಿಂತು ಇಡೀ ಚುಕ್ಕೆಯ ಅಂಕವನ್ನು ಮೇಲೆತ್ತುತ್ತದೆ. ಈಗ 10 ಮೀಟರ್‌ವರೆಗೆ ಬಿಡಿಸಿ ತೋರಿಸುವ ಉಪಗ್ರಹಗಳಿವೆ; ಆದರೆ ಮುಂಗಾರಿನ ಮೋಡ ಅವುಗಳ ಕಣ್ಣನ್ನೂ ಕಟ್ಟುತ್ತದೆ, ಮತ್ತು ಎಷ್ಟೇ ಹತ್ತಿರದಿಂದ ನೋಡಿದರೂ ನೆಲದೊಳಗಿನ ಕಾಯಿ ಕಾಣುವುದಿಲ್ಲ.

ನೀರಾವರಿ ಪ್ರದೇಶದ ಬರವಂತೂ ಸ್ಥಳೀಯ ಮಳೆಮಾಪಕಕ್ಕೆ ಸಿಗುವುದೇ ಇಲ್ಲ. ಸಿಂಧನೂರು, ಮಾನ್ವಿಯ ಭತ್ತದ ಗದ್ದೆಯ ಭವಿಷ್ಯ ತೀರ್ಮಾನವಾಗುವುದು ನೂರಾರು ಕಿಲೋಮೀಟರ್ ದೂರದ ಶೃಂಗೇರಿ, ತೀರ್ಥಹಳ್ಳಿಯ ಮಳೆಯಲ್ಲಿ. 2023ರಲ್ಲಿ ತುಂಗಭದ್ರಾ ಅಚ್ಚುಕಟ್ಟಿಗೆ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಕೃಷ್ಣರಾಜಸಾಗರ ಆ ವರ್ಷ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಲಿಲ್ಲ. ಒಂದೇ ನಾಲೆಯ ಮೇಲೂ ಅಪಾಯ ಸಮನಾಗಿ ಹಂಚಿಕೆಯಾಗಿಲ್ಲ. ಮೇಲ್ಭಾಗದವರು ಒಂದು ಬೆಳೆ ಹೇಗೋ ತೆಗೆಯುತ್ತಾರೆ, ಕೊನೆ ಭಾಗದವರಿಗೆ ಒಳ್ಳೆಯ ವರ್ಷದಲ್ಲೂ ನೀರು ಬರುವುದು ಖಾತ್ರಿಯಿಲ್ಲ. ನಾಲೆಯ ಯಾವ ಭಾಗದಲ್ಲಿ ಹೊಲವಿದೆ ಎಂಬುದು ಅಲ್ಲಿ ಮಳೆಯ ಅಂಕಿಗಿಂತ ದೊಡ್ಡ ಸಂಗತಿ.

ಮಳೆ ಒಂದಿನಿತೂ ಬದಲಾಗದೆಯೂ ಅಪಾಯ ಹೆಚ್ಚಬಹುದು ಎಂಬುದಕ್ಕೆ ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ ಕಡೆಯ ಅಡಿಕೆ ತೋಟಗಳು ಸಾಕ್ಷಿ. ರಾಗಿ, ಜೋಳ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕೊಳವೆಬಾವಿಯ ನಂಬಿಕೆಯ ಮೇಲೆ ಅಡಿಕೆ ಬಂದಿದೆ. ರಾಗಿ ಹೋದರೆ ಹೋಗುವುದು ಒಂದು ವರ್ಷದ ಬೆಳೆ. ಅಡಿಕೆ ಮರ ಒಣಗಿದರೆ ಆರೇಳು ವರ್ಷ ಸಾಕಿದ್ದು ಹೋಗುತ್ತದೆ, ಮತ್ತೆ ಆರೇಳು ವರ್ಷ ಕಾಯಬೇಕಾಗುತ್ತದೆ. 2024ರ ಬೇಸಿಗೆಯಲ್ಲಿ ಈ ಭಾಗದ ರೈತರು ಟ್ಯಾಂಕರ್ ನೀರು ಕೊಂಡು ತಂದು ಮರಗಳ ಬುಡಕ್ಕೆ ಹಾಯಿಸಿದರು. ಒಬ್ಬರು ಕೊರೆಸಿದ ಬಾವಿ ಬತ್ತಿದರೆ ಪಕ್ಕದವರು ಇನ್ನೂ ಆಳಕ್ಕೆ ಕೊರೆಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಆ ಆಟ 1,000 ಅಡಿ ದಾಟಿ ಬಹಳ ವರ್ಷವಾಯಿತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಹಸಿವಿನಿಂದ ಸತ್ತರು. ಪಡಿತರ ವ್ಯವಸ್ಥೆ ಬಂದ ಮೇಲೆ ಬರ ಆ ರೀತಿ ಕೊಲ್ಲುವುದಿಲ್ಲ. ಈಗಿನ ಬರದ ಹೊರೆ ಸಾಲದ ಖಾತೆಯಲ್ಲಿ ಬೀಳುತ್ತದೆ, ಆದ್ದರಿಂದ ಕೊಳವೆಬಾವಿಗೆ ಮಾಡಿದ ಸಾಲ ಎಷ್ಟು, ತೋಟಕ್ಕೆ ಹಾಕಿದ ಬಂಡವಾಳ ಎಷ್ಟು ಎಂದು ಕೇಳದ ಅಪಾಯದ ಅಂದಾಜು ಅರ್ಧ ಅಂದಾಜು.

ಬೆಳೆ ವಿಮೆ ಈ ಸ್ಥಳೀಯ ಅಳತೆಯನ್ನು ಒಂದು ಹೆಜ್ಜೆ ಮುಂದೆ ಕೊಂಡೊಯ್ದಿದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯೇ ನಷ್ಟ ಅಳೆಯುವ ಘಟಕ, ಉಳಿದವಕ್ಕೆ ಹೋಬಳಿ. ಪಂಚಾಯತಿಯಲ್ಲಿ ಒಂದು ಬೆಳೆಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಿ, ಸಿಕ್ಕ ಇಳುವರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿದ್ದ ಐದು ವರ್ಷಗಳ ಸರಾಸರಿಯ ಮೇಲೆ ಕಟ್ಟಿದ ಮಿತಿಯೊಂದಿಗೆ ಹೋಲಿಸುತ್ತಾರೆ; ಅದಕ್ಕಿಂತ ಕಡಿಮೆಯಿದ್ದರೆ ವಿಮೆ. ಇಲ್ಲಿ ಮಳೆಯ ಬದಲು ಫಸಲನ್ನೇ ತೂಗುವುದರಿಂದ ಹಸಿರು ಬರವೂ ಸಿಕ್ಕಿಬೀಳುತ್ತದೆ. ಆದರೆ ನಾಲ್ಕು ತುಂಡು ನೆಲದ ತೂಕ ಇಡೀ ಪಂಚಾಯತಿಯ ಹಣೆಬರಹವಾಗುತ್ತದೆ. ಆ ನಾಲ್ಕರಲ್ಲಿ ಎರಡು ತಗ್ಗಿನ ಹೊಲಗಳಾಗಿ ಬಂದರೆ ದಿಬ್ಬದ ಹೊಲದವರಿಗೆ ವಿಮೆ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಏಳು ವರ್ಷಗಳಲ್ಲಿ ಮೂರು ನಾಲ್ಕು ಬರದ ವರ್ಷಗಳೇ ಆಗಿದ್ದರೆ ಮಿತಿಯ ಇಳುವರಿಯೇ ಕುಸಿಯುತ್ತದೆ. ಪದೇ ಪದೇ ಬರ ಬೀಳುವ ಊರಿಗೆ ಬರ ‘ವಾಡಿಕೆ’ಯಾಗಿಬಿಡುತ್ತದೆ, ರಕ್ಷಣೆ ಅಷ್ಟಕ್ಕಷ್ಟೇ ಕಡಿಮೆಯಾಗುತ್ತದೆ.

ಘಟಕವನ್ನು ಕಿರಿದು ಮಾಡುತ್ತ ಹೋದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಘಟಕ ಕಿರಿದಾದಷ್ಟೂ ಒಂದು ಮಾಪಕದ ದೋಷ, ಒಬ್ಬ ಸಿಬ್ಬಂದಿಯ ಅಜಾಗರೂಕತೆ, ಒಬ್ಬ ಪ್ರಭಾವಿಯ ಒತ್ತಡ ಫಲಿತಾಂಶವನ್ನು ತಿರುಗಿಸುವುದು ಸುಲಭವಾಗುತ್ತದೆ. ದೊಡ್ಡ ಸರಾಸರಿಯಲ್ಲಿ ಮುಚ್ಚಿಹೋಗುವ ತಪ್ಪುಗಳು ಸಣ್ಣ ಘಟಕದಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಘೋಷಣೆಗೆ ಹೋಬಳಿ ಮಟ್ಟ ಸದ್ಯಕ್ಕೆ ಸರಿಯಾದ ಜಾಗ ಎಂದು ನನಗೆ ತೋರುತ್ತದೆ: ರಾಜ್ಯದಲ್ಲಿ 747 ಹೋಬಳಿಗಳಿವೆ, ಹವಾಮಾನ ಕೇಂದ್ರಗಳಿವೆ, ರೈತ ಸಂಪರ್ಕ ಕೇಂದ್ರಗಳಿವೆ, ಮತ್ತು ಒಂದು ಹೋಬಳಿಯೊಳಗಿನ ಎರೆ ಯಾವುದು, ಮಸಾರಿ ಯಾವುದು ಎಂದು ಬಲ್ಲ ಸಹಾಯಕ ಕೃಷಿ ಅಧಿಕಾರಿಗಳಿದ್ದಾರೆ.

ಅಪಾಯದ ಅಂದಾಜಿಗೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇಲ್ಲವೆಂದೂ ಹೇಳುವ ಹಾಗಿಲ್ಲ. ಹೈದರಾಬಾದಿನ ಕೇಂದ್ರೀಯ ಒಣ ಬೇಸಾಯ ಸಂಶೋಧನಾ ಸಂಸ್ಥೆ 2019ರಲ್ಲಿ ದೇಶದ 573 ಗ್ರಾಮೀಣ ಜಿಲ್ಲೆಗಳನ್ನು ಹವಾಮಾನ ಅಪಾಯದ ದೃಷ್ಟಿಯಿಂದ ತೂಗಿ 109ನ್ನು ಅತಿ ಹೆಚ್ಚಿನ, 201ನ್ನು ಹೆಚ್ಚಿನ ಅಪಾಯದ ಜಿಲ್ಲೆಗಳೆಂದು ಗುರುತಿಸಿತು. ಅದರ ಚೌಕಟ್ಟು ಸರಿಯಾದದ್ದು: ಹವಾಮಾನದ ಪೆಟ್ಟು ಎಷ್ಟು, ಆ ಪೆಟ್ಟಿಗೆ ಎದುರಾಗಿ ನಿಂತಿರುವುದು ಏನೇನು, ತಡೆದುಕೊಳ್ಳುವ ಕಸುವು ಎಷ್ಟು ಎಂಬ ಮೂರನ್ನೂ ಅದು ಒಟ್ಟಿಗೆ ನೋಡುತ್ತದೆ. ಜಿಲ್ಲೆಯ ಮಟ್ಟಕ್ಕೆ ನಿಂತದ್ದಷ್ಟೇ ಅದರ ಮಿತಿ. ಅದನ್ನು ಕೆಳಗಿಳಿಸಲು ಕರ್ನಾಟಕದ ಬಳಿ ಬೇರೆ ರಾಜ್ಯಗಳಿಗಿಲ್ಲದ ಅನುಕೂಲಗಳಿವೆ. ಸುಜಲಾ ಜಲಾನಯನ ಯೋಜನೆಯ ಮೂರನೆಯ ಹಂತದಲ್ಲಿ ಹಲವು ಜಿಲ್ಲೆಗಳ ಕಿರು ಜಲಾನಯನಗಳ ಮಣ್ಣನ್ನು ಸರ್ವೆ ನಂಬರಿನ ಮಟ್ಟದಲ್ಲಿ ಪರೀಕ್ಷಿಸಿ, ಆಳ, ಇಳಿಜಾರು, ನೀರು ಹಿಡಿಯುವ ಶಕ್ತಿಯ ನಕ್ಷೆ ಮಾಡಲಾಗಿದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂಬ ಫೋಟೋ ಸಹಿತ ದಾಖಲೆ ಇದೆ. ಮಳೆಯಂತೂ ಪಂಚಾಯತಿ ಮಟ್ಟದಲ್ಲಿದೆ. ಈ ಮೂರನ್ನು ಒಂದರ ಮೇಲೊಂದು ಇಟ್ಟರೆ, ಆಗಸ್ಟ್ 10ರಂದೇ, ಇಂಥ ಹೋಬಳಿಯ ತೆಳು ಮಣ್ಣಿನ ಇಷ್ಟು ಎಕರೆ ಶೇಂಗಾಕ್ಕೆ ಇನ್ನು ಐದು ದಿನದ ಹಸಿ ಮಾತ್ರ ಉಳಿದಿದೆ ಎಂದು ಹೇಳಬಹುದು. ಕೃಷಿ ಹೊಂಡದಲ್ಲಿ ನೀರಿದ್ದವನು ಒಂದು ಸಲ ಹಾಯಿಸಿಕೊಳ್ಳಲು, ಇಲ್ಲದವನು ಬೆಳೆಯ ಮೋಹ ಬಿಟ್ಟು ಹುರುಳಿ ಬಿತ್ತಲು ಆ ಸುದ್ದಿ ಉಪಯೋಗಕ್ಕೆ ಬರುತ್ತದೆ. ಸೆಪ್ಟೆಂಬರ್ ಮಧ್ಯದ ಘೋಷಣೆಯಿಂದ ಅದಾಗದು.

ಹಣವಂತೂ ಇನ್ನೂ ತಡವಾಗಿ ಬರುತ್ತದೆ. 2023ರ ಬರಕ್ಕೆ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಜನವರಿಯಲ್ಲಿ ರಾಜ್ಯವೇ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಕೊಟ್ಟಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಯಾರು ಸರಿ, ಯಾರು ತಪ್ಪು ಎಂಬ ವಾದ ಬೇರೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ ಎಂಬುದು ಆಗಿನ ನಿಯಮ; ಎಕರೆಗೆ 3,440ರ ಆಸುಪಾಸು. ಆಗಸ್ಟ್‌ನಲ್ಲಿ ಬೆಳೆ ಕಳೆದುಕೊಂಡವನ ಖಾತೆಗೆ ಈ ಮೊತ್ತ ಮುಟ್ಟುವಾಗ ಮುಂದಿನ ಮುಂಗಾರು ಬಾಗಿಲಲ್ಲಿರುತ್ತದೆ.

ಆ ಖಾತೆಯೂ ಪಹಣಿಯಲ್ಲಿ ಹೆಸರಿರುವವನದ್ದು. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲ, ಆದ್ದರಿಂದ ಲಾವಣಿಗೋ (ಹಣದ ಗುತ್ತಿಗೆ) ಕೋರಿಗೋ (ಬೆಳೆಯ ಪಾಲು) ಭೂಮಿ ಮಾಡಿದವನು ಬೀಜ, ಗೊಬ್ಬರ, ಆಳುಗಳ ಖರ್ಚು ಹಾಕಿದ್ದರೂ ದಾಖಲೆಯಲ್ಲಿ ರೈತನಲ್ಲ. ಹೊಲವಿಲ್ಲದ ಕೂಲಿಯವಳಿಗೆ ಬರ ಮುಟ್ಟುವುದು ಬೆಳೆ ಒಣಗುವುದಕ್ಕಿಂತ ಎಷ್ಟೋ ಮೊದಲು, ಕಳೆ ತೆಗೆಯಲು ಯಾರೂ ಕರೆಯದ ದಿನ. ಯಾದಗಿರಿ, ರಾಯಚೂರಿನ ಹಳ್ಳಿಗಳಿಂದ ಗುಳೆ ಹೊರಡುವ ಕುಟುಂಬಗಳಲ್ಲಿ ಇವರೇ ಮುಂದು. ಮೇವಿನ ಬೆಲೆ, ಕೂಲಿ ದರ, ಕುಡಿಯುವ ನೀರು, ಜನರ ವಲಸೆ ಇವನ್ನೆಲ್ಲ ಗಮನಿಸಬೇಕೆಂದು ಕೈಪಿಡಿಯೂ ಹೇಳುತ್ತದೆ; ಆದರೆ ಮೇಲೆ ಹೇಳಿದ ಮೆಟ್ಟಿಲುಗಳಲ್ಲಿ ಇವು ಯಾವುದೂ ಇಲ್ಲ, ಪಕ್ಕದ ಟಿಪ್ಪಣಿಗಳಾಗಿ ಉಳಿದಿವೆ.

ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ಮಾತನಾಡುವುದು ದನದ ಸಂತೆ. ಮೇವು ಸಾಲದು ಎಂದು ಖಾತ್ರಿಯಾದ ವಾರವೇ ಸಂತೆಗೆ ಬರುವ ದನಗಳು ಹೆಚ್ಚುತ್ತವೆ, ಕೊಳ್ಳುವವರು ಕಡಿಮೆಯಾಗುತ್ತಾರೆ, ಜೋಡಿ ಎತ್ತಿನ ಬೆಲೆ ಕುಸಿಯುತ್ತದೆ. 2024ರ ಮುಂಗಾರು ಚೆನ್ನಾಗಿಯೇ ಆಯಿತು. ಮಳೆಯ ಲೆಕ್ಕದಲ್ಲಿ ಅಲ್ಲಿಗೆ ಬರ ಮುಗಿದಿತ್ತು. ಆದರೆ ಹಿಂದಿನ ವರ್ಷ ಎತ್ತು ಮಾರಿಕೊಂಡವನು ಆ ಒಳ್ಳೆಯ ಮಳೆಗೆ ಬಾಡಿಗೆ ಟ್ರ್ಯಾಕ್ಟರ್ ಕಾಯುತ್ತ ಕೂರಬೇಕು. ಊರಿನ ಎಲ್ಲರಿಗೂ ಅದೇ ಎರಡು ದಿನಗಳ ಹದಕ್ಕೆ ಅದೇ ಟ್ರ್ಯಾಕ್ಟರ್ ಬೇಕು. ಅವನ ಸರದಿ ಬರುವ ಹೊತ್ತಿಗೆ ಹದ ಆರಿರುತ್ತದೆ, ಬಿತ್ತನೆ ಹತ್ತು ಹದಿನೈದು ದಿನ ಹಿಂದೆ ಬೀಳುತ್ತದೆ, ಅವನ ಬೆಳೆ ಹೂವಿಗೆ ಬರುವುದೂ ಅಷ್ಟೇ ದಿನ ತಡವಾಗುತ್ತದೆ. ಪಂಚಾಯತಿಯ ಮಳೆಮಾಪಕದಲ್ಲಿ ಅವನ ಹೊಲಕ್ಕೂ ಪಕ್ಕದ ಹೊಲಕ್ಕೂ ಬಿದ್ದದ್ದು ಒಂದೇ ಮಳೆ.